ಸಹಾಯ ಬೇಕು: ಒಂದೇ ಚರ್ಚ್ ಹಾಲ್, ಎಲ್ಲರಿಗೂ ಭಾನುವಾರವೇ ಬೇಕು

ನಮ್ಮ ಧರ್ಮಕೇಂದ್ರದಲ್ಲಿ ಇರುವುದು ಒಂದೇ ಹಾಲ್. ಪೂಜೆ ಮುಗಿದ ತಕ್ಷಣ ಮಕ್ಕಳ ಧರ್ಮೋಪದೇಶ, ಗಾನವೃಂದದ ಅಭ್ಯಾಸ, ಬೇರೆ ಭಾಷೆಯವರ ಪ್ರಾರ್ಥನಾ ಕೂಟ, ಎಲ್ಲರಿಗೂ ಅದೇ ಬೇಕು. ಹೋದ ವಾರ ಒಂದು ಮೂಲೆಯಲ್ಲಿ ಕೀಬೋರ್ಡ್, ಇನ್ನೊಂದರಲ್ಲಿ ಮಕ್ಕಳ ಜಪ. ಯಾರದ್ದೂ ಯಾರಿಗೂ ಕೇಳಿಸಲಿಲ್ಲ!

ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟೆವು. ಹಳೆಯ ಸಂಘದವರು ಇಡೀ ವರ್ಷದ ಭಾನುವಾರಗಳನ್ನು ಒಂದೇ ದಿನ ಕೂತು ತುಂಬಿಸಿಬಿಟ್ಟರು. ಸರದಿ ಮಾಡಿದೆವು. ಹೊಸದಾಗಿ ಬಂದ ಸಣ್ಣ ಗುಂಪಿಗೆ ಯಾವಾಗಲೂ ಮಧ್ಯಾಹ್ನ ಎರಡು ಗಂಟೆಯೇ ಸಿಕ್ಕಿತು. ಅವರು ಸುಮ್ನೆ ಒಪ್ಪಿಕೊಂಡರು, ನನಗೆ ಅದೇ ಜಾಸ್ತಿ ಬೇಜಾರು.

ಪಾಲನಾ ಸಮಿತಿಯಲ್ಲಿ (ಫಾದರ್ ಜೊತೆ ಕೂತು ಚರ್ಚಿನ ಕೆಲಸ ಚರ್ಚಿಸುವ ಸಮಿತಿ) ಓಟಿಗೆ ಹಾಕೋಣ ಅಂದರೆ, 1983ರ ಕಥೋಲಿಕ ಧರ್ಮಸಭೆಯ ಕಾನೂನಿನ 536ನೇ ನಿಯಮದಂತೆ ಸಮಿತಿ ಸಲಹೆ ಮಾತ್ರ ಕೊಡಬಹುದು. ಫಾದರ್ ನೋಡಿದರೆ "ನೀವೇ ಬಗೆಹರಿಸಿಕೊಳ್ಳಿ" ಅನ್ನುತ್ತಾರೆ. ಓಟು ಹಾಕಿದರೂ ದೊಡ್ಡ ಗುಂಪೇ ಗೆಲ್ಲುತ್ತದೆ, ಅಲ್ವಾ?

ಧರ್ಮೋಪದೇಶ ಮೊದಲು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಆಮೇಲಿನ ಸಮಯ ಹಂಚುವಾಗ ತಲೆ ಎಣಿಸಬೇಕಾ, ಎಲ್ಲ ಗುಂಪಿಗೂ ಸಮ ಕೊಡಬೇಕಾ? ನನ್ನ ಗೊಂದಲ ಇಲ್ಲೇ. ನಿಮ್ಮಲ್ಲಿ ಒಂದು ಗುಂಪು ತಿಂಗಳಿಗೆ ಎಷ್ಟು ಸಲ, ಎಷ್ಟು ದಿನ ಮುಂಚೆ ಹಾಲ್ ಬರೆಸಬಹುದು?