ಸೆರಿತ್ ಬಸವನಹುಳುಗಳು ನೀರಿನಿಂದ ಮೇಲೆ ಹತ್ತಿ ಕೂರುತ್ತಿವೆ, ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಪಾಚಿ ತಿನ್ನಲಿ ಅಂತ ಉಪ್ಪುನೀರಿನ ಟ್ಯಾಂಕಿಗೆ ಸೆರಿತ್ ಬಸವನಹುಳುಗಳನ್ನು ಬಿಟ್ಟಿದ್ದೇನೆ. ಕೆಲವು ಹಗಲೆಲ್ಲ ಕಾಣಿಸುವುದೇ ಇಲ್ಲ. ಉಳಿದವು ನೀರಿಗಿಂತ ಮೇಲೆ, ಗಾಜಿಗೆ ಅಂಟಿಕೊಂಡು ಅಲ್ಲಾಡದೆ ಕೂತಿವೆ. ಕೆಳಗೆ ಬಿಟ್ಟರೂ ಮತ್ತೆ ಹತ್ತುತ್ತವೆ. ಉಪ್ಪಿನಂಶ ಲೀಟರಿಗೆ 35 ಗ್ರಾಂ, ಅಮೋನಿಯಾ ಸೊನ್ನೆ, ಮೀನುಗಳು ಚೆನ್ನಾಗಿವೆ. ಔಷಧಿ ಹಾಕಲಾ?

ಉತ್ತರ: ದಯವಿಟ್ಟು ಔಷಧಿ ಬೇಡ. ಮೀನಿಗೆ ಹಾಕುವ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಬಸವನಹುಳುವಿಗೆ ವಿಷ.

ಕಾಣದಿರುವವು ಮರಳಿನೊಳಗೆ ಇರಬೇಕು. ಸೆರಿತ್ ಹಗಲು ಹೂತುಕೊಂಡಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಲೈಟ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಿಡಿದು ನೋಡಿ.

ಮೇಲೆ ಕೂತವುಗಳ ಮೇಲೆ ಮಾತ್ರ ನನಗೆ ಅನುಮಾನ. ಗೋಪುರದಂಥ ಚಿಪ್ಪು ಇರುವುದೆಲ್ಲ ಸೆರಿತ್ ಅಲ್ಲ. ಪೊಟಮಿಡಿಡೇ ಅನ್ನುವ ಹತ್ತಿರದ ಕುಟುಂಬವೊಂದಿದೆ, ಕೆಸರು ದಂಡೆ ಮತ್ತು ಮ್ಯಾಂಗ್ರೋವ್ ಕಾಡಿನದು. ಅದರಲ್ಲಿ ಸೆರಿತಿಡಿಯಾ ಗುಂಪಿನವು ಮರ ಹತ್ತಿ ನೀರಿನಿಂದ ಹೊರಗೇ ಇರುತ್ತವೆ. ನಿಮ್ಮ ಟ್ಯಾಂಕಿನಲ್ಲಿ ಮರ ಇಲ್ಲ, ಗಾಜು ಹತ್ತುತ್ತಿವೆ, ಅಷ್ಟೇ ಅಲ್ವಾ? ಒಂದನ್ನು ಮಗುಚಿ ಚಿಪ್ಪಿನ ಬಾಯಿಯ ಮುಚ್ಚಳ ನೋಡಿ. ಸೆರಿತ್‌ನದು ಮೊಟ್ಟೆಯಾಕಾರ, ಸುತ್ತುಗಳು ಕಡಿಮೆ. ಸೆರಿತಿಡಿಯಾದ್ದು ದುಂಡಗೆ, ಸುತ್ತುಗಳು ಜಾಸ್ತಿ, ನಡುವಿನಿಂದಲೇ ಶುರುವಾಗುತ್ತವೆ. ಮುಚ್ಚಳ ಸಡಿಲವಾಗಿ ಕೆಟ್ಟ ವಾಸನೆ ಬಂದರೆ ಸತ್ತಿದೆ ಅಂತ, ತಕ್ಷಣ ತೆಗೆಯಿರಿ.

ಪ್ರಶ್ನೆ: ನೋಡಿದೆ, ಮೇಲಿನವುಗಳ ಮುಚ್ಚಳ ದುಂಡಗೇ ಇದೆ! ಮುಟ್ಟಿದರೆ ಒಳಗೆ ಎಳೆದುಕೊಳ್ಳುತ್ತವೆ. ರಾತ್ರಿ ಉಳಿದವು ಮರಳಿನಿಂದ ಎದ್ದು ಬಂದವು. ಗಾಜಿನ ಮೇಲೆ ಅಂಕುಡೊಂಕಾದ ಬಿಳಿ ದಾರದಂಥದ್ದೂ ಇದೆ. ರೋಗವಾ?

ಉತ್ತರ: ಒಳಗೆ ಎಳೆದುಕೊಂಡರೆ ಜೀವಂತ ಇವೆ, ಸಂತೋಷ. ಅವನ್ನು ಸುಮ್ನೆ ನೀರಿಗೆ ತಳ್ಳುತ್ತಾ ಇರಬೇಡಿ. ಬೇರೆ ತೊಟ್ಟಿಯಲ್ಲಿ ನುಣ್ಣನೆಯ ಕೆಸರು, ತೆಳುವಾಗಿ ನೀರು, ಹತ್ತಲು ಒಂದು ಕೊಂಬೆ ಕೊಡಿ. ಆಳದ ರೀಫ್ ಟ್ಯಾಂಕ್ (ಹವಳ ಸಾಕುವಂಥ ಉಪ್ಪುನೀರಿನ ಟ್ಯಾಂಕ್) ಅವಕ್ಕೆ ತಕ್ಕ ಜಾಗವಲ್ಲ.

ಬಿಳಿ ದಾರ ಬಹುಶಃ ಸೆರಿತ್ ಮೊಟ್ಟೆ. ಲೋಳೆಯ ಎಳೆಯೊಳಗೆ ಸಾಲಾಗಿ ಇಡುತ್ತವೆ. ಉಜ್ಜಿ ತೆಗೆಯಬೇಡಿ. ಆದರೆ ಮರಿಗಳ ಆಸೆ ಜಾಸ್ತಿ ಇಟ್ಟುಕೊಳ್ಳುವುದೂ ಬೇಡ. ಹಲವು ಜಾತಿಗಳಲ್ಲಿ ಮರಿ ಮೊದಲು ನೀರಲ್ಲಿ ತೇಲುತ್ತದೆ, ಫಿಲ್ಟರ್ ಅದನ್ನು ಎಳೆದುಬಿಡುತ್ತದೆ.