ಸಹಾಯ ಬೇಕು: ಗೆಳೆಯರ ಓದುಕೂಟ ನಡುದಾರಿಯಲ್ಲಿ ನಿಲ್ಲದಿರಲು ಏನು ಮಾಡಬೇಕು?

ಆರು ಜನ ಸೇರಿ ಓದುಕೂಟ ಶುರು ಮಾಡುತ್ತಿದ್ದೇವೆ. ಲೆಕ್ಕ ಹೀಗಿದೆ: 240 ಪುಟದ ಪುಸ್ತಕ, ನಾಲ್ಕು ವಾರ, ವಾರಕ್ಕೆ 60 ಪುಟ. ದಿನಕ್ಕೆ 10 ಪುಟದಂತೆ ಆರು ದಿನಕ್ಕೆ ಮುಗಿಯುತ್ತದೆ, ಏಳನೇ ದಿನ ಹಿಂದುಳಿದವರಿಗೆ. ಗಡುವನ್ನು ಮಾತ್ರ ಅಧ್ಯಾಯದ ಲೆಕ್ಕದಲ್ಲೇ ಹೇಳುತ್ತೇವೆ. ಮುದ್ರಣ ಬೇರೆಯಾದರೆ, ಇ-ಬುಕ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ಪುಟಸಂಖ್ಯೆ ತಾಳೆಯಾಗುವುದಿಲ್ಲ.

ಇಂಥ ಕೂಟ ಒಡೆಯುವುದು ಸಾಮಾನ್ಯವಾಗಿ ಎರಡನೇ ವಾರ. ಒಬ್ಬರು 40 ಪುಟ ಬಾಕಿ ಉಳಿಸಿಕೊಂಡು ಮುಜುಗರದಿಂದ ಬರುವುದಿಲ್ಲ. ಮುಂದಿನ ವಾರಕ್ಕೆ ಆ ಬಾಕಿ 100 ಪುಟ. ಆಮೇಲೆ ಅವರು ಪುಸ್ತಕವನ್ನೇ ಮುಟ್ಟುವುದಿಲ್ಲ! ಅದಕ್ಕೇ ‘ಓದದಿದ್ದರೂ ಬನ್ನಿ’ ಎಂಬುದೇ ಮೊದಲ ನಿಯಮ. ಮೊದಲ 20 ನಿಮಿಷ ಎಲ್ಲರೂ ಓದಿದ ಭಾಗದ ಬಗ್ಗೆಯಷ್ಟೇ ಮಾತು. ಪ್ರತಿಯೊಬ್ಬರೂ ಪೆನ್ಸಿಲ್‌ನಲ್ಲಿ ಗುರುತು ಮಾಡಿದ ಒಂದು ಸಾಲನ್ನು ಗಟ್ಟಿಯಾಗಿ ಓದಬೇಕು. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಅಂದು ಮಾತು ಮುಗಿದುಬಿಡುತ್ತದೆ.

ಅನುಭವ ಇರುವವರು ದಯವಿಟ್ಟು ತಿಳಿಸಿ. ಪುಸ್ತಕದ ಆಯ್ಕೆ ಮತ ಹಾಕಿಯೋ, ಸರದಿಯಲ್ಲೋ? ಮತ ಹಾಕಿದರೆ ಯಾರಿಗೂ ಅಷ್ಟಾಗಿ ಬೇಡದ, ಆದರೆ ಯಾರೂ ವಿರೋಧಿಸದ ಪುಸ್ತಕ ಗೆಲ್ಲುತ್ತದೆ ಎಂಬ ಅನುಮಾನ. ಸರದಿಯವರು ಮೂರು ಹೆಸರು ಕೊಟ್ಟು ಉಳಿದವರು ಒಂದನ್ನು ಆರಿಸುವುದು ಮೇಲು ಅನಿಸುತ್ತದೆ. ಮೊದಲ ತಿಂಗಳಿಗೆ ಕಾದಂಬರಿಗಿಂತ ಕಥಾಸಂಕಲನ ಒಳ್ಳೆಯದೇ? ಒಂದು ಕಥೆ ತಪ್ಪಿದರೂ ಮುಂದಿನದಕ್ಕೆ ಸೇರಿಕೊಳ್ಳಬಹುದಲ್ಲ. ಇನ್ನು, ವೇಗವಾಗಿ ಓದಿ ಮುಗಿಸಿದವರು ಅಂತ್ಯ ಬಾಯಿಬಿಡದಂತೆ ನೀವು ಏನು ಮಾಡುತ್ತೀರಿ?