ಕಡಲ ನೋಟಕ್ಕೆ ಮರುಳಾಗದೆ ಮೀನಿನ ಊಟಕ್ಕೆ ಒಳ್ಳೆಯ ಜಾಗ ಹುಡುಕುವುದು ಹೇಗೆ?

ದಾರಿಹೋಕ (ಪ್ರಶ್ನೆ)

ಮುಂದಿನ ತಿಂಗಳು ನಾನು, ನನ್ನ ಪತ್ನಿ, 6 ವರ್ಷದ ಮಗಳು ಮತ್ತು 72 ವರ್ಷದ ನನ್ನ ತಂದೆ ಐದು ದಿನ ಕಡಲಂಚಿನ ರಸ್ತೆಯಲ್ಲಿ ಪ್ರಯಾಣ ಮಾಡುವವರಿದ್ದೇವೆ. ಒಂದು ಮಗ್ಗುಲಲ್ಲಿ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ನೀರು, ನಡುನಡುವೆ ಮೀನುಗಾರರ ಚಿಕ್ಕ ಊರುಗಳು ಸಿಗುವ ದಾರಿ ಅದು. ಹೋಟೆಲುಗಳ ಹೆಸರಿನ ಪಟ್ಟಿಯನ್ನು ನಾನು ಕೇಳುತ್ತಿಲ್ಲ. ಹಿಂದಿನ ಪ್ರವಾಸದಲ್ಲಿ ಅಂಥ ಪಟ್ಟಿಯೊಂದನ್ನು ನಂಬಿ ಹೊರಟಿದ್ದೆವು. ಎರಡು ಕಡೆ ಅಡುಗೆಯವರು ಬದಲಾಗಿದ್ದರು, ಒಂದು ಕಡೆ ಬಾಗಿಲೇ ಮುಚ್ಚಿತ್ತು.

ಅದೇ ಪ್ರವಾಸದ ಕೊನೆಯ ಸಂಜೆ ಬಂಡೆಯ ತುದಿಯಲ್ಲಿದ್ದ ಒಂದು ದೊಡ್ಡ ಜಾಗದಲ್ಲಿ ಕುಳಿತಿದ್ದೆವು. ಸೂರ್ಯ ಮುಳುಗುತ್ತಿದ್ದ, ಮೇಜಿನ ಮೇಲೆ ದೀಪ ಹಚ್ಚಿಟ್ಟಿದ್ದರು, ಎಲ್ಲವೂ ಚೆನ್ನಾಗಿತ್ತು. ಮೀನು ಬಂದಾಗ ತಂದೆಯವರು ಒಂದು ತುಂಡನ್ನು ಬಾಯಿಗಿಟ್ಟುಕೊಂಡು, ಏನೂ ಮಾತನಾಡದೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನೂ ತಿಂದು ನೋಡಿದೆ. ಬಾಯಲ್ಲಿ ಹಿಟ್ಟು ಕಲಸಿದಂತಾಯಿತು, ಮಸಾಲೆಯ ಅಡಿಯಲ್ಲಿ ಕಮಟು ವಾಸನೆ ಇತ್ತು. ಜೀವಮಾನವಿಡೀ ಮೀನನ್ನು ಪ್ರೀತಿಯಿಂದ ತಿಂದವರಿಗೆ ಕಡಲ ಪಕ್ಕದಲ್ಲೇ ಹಾಗಾದದ್ದು ನನ್ನನ್ನು ಇವತ್ತಿಗೂ ಕೊರೆಯುತ್ತಿದೆ.

ಆದ್ದರಿಂದ ಅನುಭವಸ್ಥರನ್ನು ಕೇಳುತ್ತಿದ್ದೇನೆ: ಪರಿಚಯವಿಲ್ಲದ ಕರಾವಳಿಯಲ್ಲಿ, ಒಳಗೆ ಹೋಗಿ ಕುಳಿತುಕೊಳ್ಳುವ ಮೊದಲೇ, ಇಲ್ಲಿ ಮೀನು ನಿಜಕ್ಕೂ ತಾಜಾ ಎಂದು ಗುರುತಿಸುವ ದಾರಿ ಯಾವುದು? ಊಟಕ್ಕೆ ಹೊತ್ತು ನೋಡಿಕೊಂಡು ಹೋಗಬೇಕೇ? ಇನ್ನೊಂದು ಮಾತು. ತಂದೆಯವರಿಗೆ ಹಸಿ ಸಿಂಪಿಯನ್ನು, ಅಂದರೆ ಆಯ್ಸ್ಟರನ್ನು, ಒಮ್ಮೆಯಾದರೂ ತಿನ್ನಬೇಕೆಂಬ ಆಸೆಯಿದೆ. ಆದರೆ ಅವರು ಯಕೃತ್ತಿನ ತೊಂದರೆಗೆ ಔಷಧ ತೆಗೆದುಕೊಳ್ಳುತ್ತಿದ್ದಾರೆ. ಈ ಬಗ್ಗೆಯೂ ತಿಳಿದವರು ಹೇಳಬೇಕು.

ದಕ್ಕೆಯ ಹಳಬ

ನಾನು ಮೀನುಗಾರಿಕಾ ಬಂದರಿನಲ್ಲಿ 19 ವರ್ಷ ಕೆಲಸ ಮಾಡಿದವನು, ಮೊದಲು ಐಸ್ ಪ್ಲಾಂಟಿನಲ್ಲಿ, ಆಮೇಲೆ ಹರಾಜಿನ ಲೆಕ್ಕದಲ್ಲಿ. ಊಟದ ಜಾಗ ಎಲ್ಲಿದೆ ಎಂದು ಮೊದಲು ಕೇಳಬೇಡಿ. ದೋಣಿಗಳು ಎಲ್ಲಿಗೆ ಬಂದು ಸೇರುತ್ತವೆ, ಎಷ್ಟು ಹೊತ್ತಿಗೆ ಸೇರುತ್ತವೆ ಎಂದು ಕೇಳಿ. ಊಟದ ಜಾಗ ಆ ಉತ್ತರದ ಹಿಂದೆಯೇ ಸಿಗುತ್ತದೆ.

"ಇವತ್ತಿನ ಮೀನು" ಎಂಬ ಮಾತಿಗೆ ಎರಡು ಅರ್ಥಗಳಿವೆ. ಇವತ್ತು ಹಿಡಿದದ್ದು ಒಂದು, ಇವತ್ತು ದಕ್ಕೆಗೆ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಗೆ, ಇಳಿದದ್ದು ಇನ್ನೊಂದು. ಚಿಕ್ಕ ದೋಣಿಯವರು ರಾತ್ರಿಯೋ ನಸುಕಿಗೋ ಹೊರಟು, ಬಲೆಯನ್ನೋ ಗಾಳವನ್ನೋ ಹಾಕಿ, ಅದೇ ದಿನ ಮರಳುತ್ತಾರೆ. ದೊಡ್ಡ ಟ್ರಾಲರುಗಳು ಹಲವು ದಿನ ಕಡಲಲ್ಲೇ ಇರುತ್ತವೆ. ಅವುಗಳಲ್ಲಿ ಮೊದಲ ದಿನ ಹಿಡಿದ ಮೀನು ಐಸಿನ ಕೋಣೆಯ ತಳದಲ್ಲಿ, ಕೊನೆಯ ದಿನದ್ದು ಮೇಲೆ. ದಕ್ಕೆಗೆ ಇಳಿಯುವುದು ಮಾತ್ರ ಎರಡೂ ಒಂದೇ ಬೆಳಿಗ್ಗೆ. ಹೀಗಾಗಿ, ಮಾರುವವರು ಸುಳ್ಳು ಹೇಳದೆಯೇ ನಿಮ್ಮ ತಟ್ಟೆಗೆ ಒಂದು ವಾರ ಹಳೆಯ ಮೀನು ಬರಬಹುದು. ಐಸನ್ನು ಸರಿಯಾಗಿ ಹಾಕಿದ್ದರೆ ಅದೂ ಕೆಟ್ಟ ಮೀನಲ್ಲ, ಆದರೆ ನಿಮ್ಮ ತಂದೆಯವರು ನೆನೆಸಿಕೊಳ್ಳುವ ರುಚಿ ಅದರಲ್ಲಿ ಇರುವುದಿಲ್ಲ.

ಯಾವ ಊರಿನಲ್ಲಿ ತಂಗುತ್ತೀರೋ ಅಲ್ಲಿ ಒಂದು ದಿನ ದೋಣಿ ಬರುವ ಹೊತ್ತಿಗೆ ದಕ್ಕೆಗೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಂತುಕೊಳ್ಳಿ. ಲಾರಿ ತಂದು ನೂರಾರು ಕಿಲೋ ತುಂಬಿಕೊಳ್ಳುವವರನ್ನು ಬಿಟ್ಟುಬಿಡಿ. ಒಂದೇ ಒಂದು ಬುಟ್ಟಿ ಹಿಡಿದುಕೊಂಡು, ಒಂದೊಂದೇ ಮೀನನ್ನು ಎತ್ತಿ ನೋಡಿ, ಎರಡು ಮೂರು ಬಗೆಯನ್ನು ಮಾತ್ರ ಆರಿಸಿಕೊಂಡು ಹೋಗುವವರು ಕೆಲವರು ಇರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಅಕ್ಕಪಕ್ಕದಲ್ಲಿ ಚಿಕ್ಕ ಊಟದ ಮನೆ ನಡೆಸುವವರು. ನಿಮ್ಮ ಅಂಗಡಿ ಎಲ್ಲಿ ಎಂದು ಮರ್ಯಾದೆಯಿಂದ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಅಲ್ಲಿ ನಿಂತಾಗ ಅವರು ಏನನ್ನು ನೋಡುತ್ತಾರೆಂದು ಗಮನಿಸಿ. ಹೊಸಬರು ಕಣ್ಣನ್ನು ನೋಡುತ್ತಾರೆ. ಕಣ್ಣು ಉಬ್ಬಿ, ಪಾಪೆ ಕಪ್ಪಾಗಿ ಹೊಳೆಯಬೇಕೆನ್ನುವುದು ನಿಜವೇ, ಆದರೆ ಐಸು ನೇರವಾಗಿ ತಾಗಿದರೆ ಹೊಸ ಮೀನಿನ ಕಣ್ಣೂ ಬೆಳ್ಳಗಾಗುತ್ತದೆ. ಪಳಗಿದವರು ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳವನ್ನು ಎತ್ತುತ್ತಾರೆ. ಆಗತಾನೇ ಬಂದ ಬಂಗುಡೆಯ ಕಿವಿರು ಒದ್ದೆಯಾದ ಕಡುಕೆಂಪು. ಅದರ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ನಿಂತಿರುತ್ತವೆ, ಮೂಗಿನ ಹತ್ತಿರ ತಂದರೆ ಕಡಲ ನೀರಿನ ವಾಸನೆಯಷ್ಟೇ ಬರುತ್ತದೆ. ಹಳತಾದಂತೆ ಕೆಂಪು ಮಾಸಿ ಕಂದಾಗುತ್ತದೆ, ಎಳೆಗಳು ಲೋಳೆಯಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆಯೇ, ಒಂದು ಕೈಯಲ್ಲಿ ತಲೆಯ ಬಳಿ ಹಿಡಿದು ಅಡ್ಡಡ್ಡಲಾಗಿ ಎತ್ತಿದಾಗ ಬಾಲ ಜೋತುಬೀಳದೆ ಕೋಲಿನಂತೆ ನೆಟ್ಟಗಿದ್ದರೆ, ಆ ಮೀನು ಸತ್ತು ಹೆಚ್ಚು ಹೊತ್ತಾಗಿಲ್ಲವೆಂದು ತಿಳಿಯಬಹುದು.

ದೋಣಿ ಇಳಿಯದ ದಿನಗಳೂ ಇವೆ. ಬಿರುಗಾಳಿಯ ದಿನ, ವಾರದ ರಜೆ, ಮೀನು ಮರಿಮಾಡುವ ಕಾಲಕ್ಕೆ ಸರ್ಕಾರಗಳು ವಿಧಿಸುವ ನಿಷೇಧದ ಅವಧಿ. ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವ ಕಡೆಗಳಲ್ಲಿ ಹುಣ್ಣಿಮೆಯ ಆಸುಪಾಸಿನಲ್ಲೂ ಮೀನು ಕಡಿಮೆ, ಏಕೆಂದರೆ ಬೆಳದಿಂಗಳಿನಲ್ಲಿ ದೀಪಕ್ಕೆ ಸೆಳೆತವಿರುವುದಿಲ್ಲ. ಇಂಥ ದಿನವೂ ಹದಿನೈದು ಬಗೆಯ "ತಾಜಾ" ಮೀನು ಇದೆಯೆನ್ನುವ ಜಾಗದಿಂದ ಎದ್ದು ಬನ್ನಿ.

ಒಲೆಯ ಪಕ್ಕ

ಮೇಲಿನವರು ದಕ್ಕೆಯ ಕಡೆಯಿಂದ ಹೇಳಿದ್ದನ್ನು ನಾನು ಅಡುಗೆಮನೆಯ ಕಡೆಯಿಂದ ಮುಂದುವರಿಸುತ್ತೇನೆ. ಮೀನಿನ ಅಡುಗೆಯೇ ನನ್ನ ಕೆಲಸ.

ಒಳಗೆ ಹೋದಾಗ "ಮೀನು ತಾಜಾ ಇದೆಯೇ?" ಎಂದು ಕೇಳಿದರೆ ಇಲ್ಲವೆನ್ನುವವರು ಯಾರೂ ಇಲ್ಲ. "ಇವತ್ತು ಯಾವ ಮೀನು ಬಂದಿದೆ, ಯಾವುದು ಬಂದಿಲ್ಲ?" ಎಂದು ಕೇಳಿ. ಮೀನು ಕೊಳ್ಳುವವರಿಗೂ ಬಡಿಸುವವರಿಗೂ ನಡುವೆ ದಿನವೂ ಮಾತುಕತೆಯಿರುವ ಮನೆಯಲ್ಲಿ ತಕ್ಷಣ ಉತ್ತರ ಸಿಗುತ್ತದೆ: ಸಿಗಡಿ ಇಲ್ಲ, ಬೂತಾಯಿ ಒಳ್ಳೆಯದಿದೆ, ಏಡಿ ಚಿಕ್ಕದು, ಬೇಡ. ಬೇಡವೆಂದು ಹೇಳಬಲ್ಲ ಮನೆಯನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಇಡೀ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುವ ಪದ್ಧತಿ ಇದ್ದರೆ ಇನ್ನೂ ಒಳ್ಳೆಯದು. ತೂಕದ ಲೆಕ್ಕದಲ್ಲಿ ಮಾರುವ ಕಡೆ ತೂಕ ಎಷ್ಟು, ಅದಕ್ಕೆ ಒಟ್ಟು ಹಣ ಎಷ್ಟು ಎಂಬುದನ್ನು ಒಲೆಗೆ ಹೋಗುವ ಮೊದಲೇ ಕೇಳಿಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕತ್ತರಿಸಿ ಬಂದದ್ದರಲ್ಲೂ ಗುರುತುಗಳಿವೆ. ಕಪ್ಪೆಬೊಂಡಾಸಿನ, ಅಂದರೆ ಕಟಲ್‌ಫಿಶ್ ಎನ್ನುವ ಮೆತ್ತನೆಯ ಕಡಲಜೀವಿಯ, ಚರ್ಮದ ಮೇಲೆ ಕಂದು ಚುಕ್ಕೆಗಳು ಸ್ಪಷ್ಟವಾಗಿದ್ದು ಮೈ ಮುತ್ತಿನಂತಿದ್ದರೆ ಹೊಸದು, ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಹಳತು. ಸಿಗಡಿಯ ತಲೆ ಸಡಿಲವಾಗಿ ಕಪ್ಪಾಗಿದ್ದರೆ ಬಿಡಿ. ತಲೆಯಲ್ಲಿರುವ ಜೀರ್ಣರಸವೇ ಆಮೇಲೆ ಮಾಂಸವನ್ನು ಮೆತ್ತಗಾಗಿಸುತ್ತದೆ. ನಿಮ್ಮ ಬಾಯಿಗೆ ಹಿಟ್ಟಿನಂತಾದದ್ದಕ್ಕೂ ಮೀನಿನಲ್ಲೇ ಇರುವ ಇಂಥ ರಸಗಳು ಕಾರಣವಾಗಿರಬಹುದು. ಏಡಿಯನ್ನು ಕೈಯಲ್ಲಿ ತೂಗಿ ನೋಡಿ, ಗಾತ್ರಕ್ಕಿಂತ ಭಾರವೆನಿಸಬೇಕು. ಚಿಪ್ಪು ಕಳಚಿ ಹೊಸತು ಬಂದ ಏಡಿಯ ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು.

ಐಸಿನಲ್ಲಿ ಹಳತಾದ ಮೀನಿಗಿಂತ, ಹಿಡಿದ ಕೆಲವೇ ಗಂಟೆಗಳಲ್ಲಿ ಹಡಗಿನಲ್ಲೇ ಗಟ್ಟಿಯಾಗಿ ಘನೀಕರಿಸಿದ ಮೀನು ಎಷ್ಟೋ ಮೇಲು. ಘನೀಕರಿಸಿದ್ದನ್ನು ಹಾಗೆಂದೇ ಹೇಳಿ ಕೊಡುವವರನ್ನು ದೂರಬೇಡಿ.

ಬಂಡೆಯ ತುದಿಯ ಹೋಟೆಲಿನ ವಿಷಯಕ್ಕೆ ಬಂದರೆ, ಅಂಥ ಕಡೆ ಬರುವವರಲ್ಲಿ ಬಹುಪಾಲು ಮಂದಿ ಮತ್ತೆ ಬರುವವರಲ್ಲ. ನೋಟಕ್ಕಾಗಿಯೇ ಜನ ಬರುವುದರಿಂದ ಅಡುಗೆ ಸಡಿಲವಾದರೂ ಮೇಜುಗಳು ಖಾಲಿಯಾಗುವುದಿಲ್ಲ. ಒಳ್ಳೆಯ ಕಡೆಗಳೂ ಖಂಡಿತ ಇವೆ, ಆದರೆ ಸೂರ್ಯಾಸ್ತವನ್ನೂ ಊಟವನ್ನೂ ಒಂದೇ ಮೇಜಿನಲ್ಲಿ ಕೇಳುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ದೋಣಿ ಬೆಳಿಗ್ಗೆ ಬರುವ ಊರಿನಲ್ಲಿ ಮಧ್ಯಾಹ್ನವೇ ದೊಡ್ಡ ಊಟ ಮುಗಿಸಿ, ಸಂಜೆ ಏನಾದರೂ ಕುಡಿಯುತ್ತಾ ನೋಟ ನೋಡಿ. ಮಗಳಿಗೆ ದಪ್ಪ ನಡುಮುಳ್ಳಿರುವ ದೊಡ್ಡ ಮೀನಿನ ಅಡ್ಡ ತುಂಡನ್ನು ಕೇಳಿ, ಆದರೂ ತುಂಡನ್ನು ಬೆರಳಿನಿಂದ ಒಮ್ಮೆ ಬಿಡಿಸಿ ನೋಡಿಯೇ ಕೊಡಿ. ಬೂತಾಯಿಯ ಸಣ್ಣ ಮುಳ್ಳುಗಳು ಆ ವಯಸ್ಸಿಗೆ ಕಷ್ಟ.

ದಾರಿಹೋಕ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕಿವಿರಿನ ವಿಷಯವನ್ನು ತಂದೆಯವರಿಗೆ ಓದಿ ಹೇಳಿದಾಗ, ತಮ್ಮ ತಾಯಿ ಹಾಗೆಯೇ ನೋಡುತ್ತಿದ್ದರೆಂದು ನೆನಪಿಸಿಕೊಂಡರು. ಚಿಪ್ಪುಮೀನುಗಳ ಬಗ್ಗೆ, ಮುಖ್ಯವಾಗಿ ಹಸಿ ಸಿಂಪಿಯ ಬಗ್ಗೆ, ತಿಳಿದವರು ದಯವಿಟ್ಟು ಬರೆಯಬೇಕು.

ಪ್ರಯೋಗಾಲಯದಿಂದ

ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆಯವರಿಗೆ ಹಸಿ ಸಿಂಪಿ ಬೇಡ. ಉಪ್ಪುನೀರಿನಲ್ಲಿ, ಅದರಲ್ಲೂ ನೀರು ಬೆಚ್ಚಗಿರುವ ತಿಂಗಳುಗಳಲ್ಲಿ, ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯ ಸಹಜವಾಗಿಯೇ ಹೆಚ್ಚುತ್ತದೆ. ಸಿಂಪಿ ನೀರನ್ನು ಸೋಸಿಯೇ ಬದುಕುವುದರಿಂದ ಅದು ಅದರೊಳಗೆ ಸೇರಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಹೊಟ್ಟೆಕೆಟ್ಟು ಹೋಗುವಷ್ಟಕ್ಕೆ ನಿಲ್ಲಬಹುದಾದದ್ದು ಯಕೃತ್ತಿನ ಕಾಯಿಲೆ ಇರುವವರಲ್ಲಿ ರಕ್ತಕ್ಕೆ ಸೇರಿ ಪ್ರಾಣಕ್ಕೇ ಕುತ್ತಾಗುತ್ತದೆ. ಸಿಂಪಿ ಎಷ್ಟೇ ಹೊಸದಿರಲಿ, ಅದರ ಮೇಲೆ ಎಷ್ಟೇ ನಿಂಬೆರಸ ಹಿಂಡಲಿ, ಈ ಅಪಾಯ ಕಡಿಮೆಯಾಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ. ಆದ್ದರಿಂದ ಬೇಯಿಸಿದ ಸಿಂಪಿಯನ್ನು, ಅವರ ವೈದ್ಯರನ್ನು ಒಂದು ಮಾತು ಕೇಳಿ, ಕೊಡಿಸಬಹುದು.

ದಕ್ಕೆಯ ಹಳಬರ ಮಾತುಗಳನ್ನು ಒಪ್ಪುತ್ತೇನೆ, ಆದರೆ ಎಲ್ಲ ಕೆಡುಕೂ ಮೂಗಿಗೆ ಸಿಗುವುದಿಲ್ಲವೆಂಬುದನ್ನು ಸೇರಿಸಲೇಬೇಕು. ಕಮಟು ವಾಸನೆ ಬರುವುದು ಬ್ಯಾಕ್ಟೀರಿಯಗಳು ಕಡಲ ಮೀನಿನಲ್ಲಿರುವ ಒಂದು ವಸ್ತುವನ್ನು ಒಡೆದು ಟ್ರೈಮೀಥೈಲಮೈನ್ ಮಾಡುವುದರಿಂದ. ಆದರೆ ಟ್ಯೂನಾ, ಬಂಗುಡೆ, ಬೂತಾಯಿಗಳನ್ನು ಬಿಸಿಲಿಗೆ ಬಿಟ್ಟರೆ, ವಾಸನೆ ಜೋರಾಗುವ ಮೊದಲೇ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಎಂಬ ವಸ್ತು ತುಂಬಿಕೊಳ್ಳಬಹುದು, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನನಗೇ ಒಮ್ಮೆ ಹಾಗಾಯಿತು. ರಸ್ತೆಬದಿಯ ಒಂದು ಕಡೆ ಸುಟ್ಟ ಟ್ಯೂನಾ ತಿನ್ನುವಾಗ ನಾಲಿಗೆಯ ಮೇಲೆ ಕಾಳುಮೆಣಸು ಅರೆದಂಥ ಚುರುಚುರು. ಅಡುಗೆಯ ಖಾರವೆಂದುಕೊಂಡು ತಿಂದುಬಿಟ್ಟೆ. ಅರ್ಧ ಗಂಟೆಯೊಳಗೆ ಮುಖವೂ ಕತ್ತೂ ಕೆಂಡದಂತೆ ಕೆಂಪಾಗಿ ಎದೆ ಬಡಿದುಕೊಳ್ಳತೊಡಗಿತು. ಆ ಚುರುಚುರು ಗೊತ್ತಾದರೆ ಮುಂದಿನ ತುತ್ತನ್ನು ತಿನ್ನಬೇಡಿ. ಮೀನಿಗೆ ದಿನವಿಡೀ ಐಸು ಹಾಕಿಟ್ಟಿದ್ದಾರೆಯೇ ಎಂಬುದನ್ನು ನಾನು ಈಗ ಎಲ್ಲಕ್ಕಿಂತ ಮೊದಲು ನೋಡುತ್ತೇನೆ.

ಚಿಪ್ಪುಮೀನುಗಳಲ್ಲಿ ಇನ್ನೊಂದು ಬಗೆಯ ವಿಷವಿದೆ. ನೀರಿನಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿ ಹೆಚ್ಚಿದಾಗ ಅದನ್ನು ತಿಂದ ಚಿಪ್ಪಿನಲ್ಲಿ ವಿಷ ಕೂಡುತ್ತದೆ, ಅದು ಬೆಂದರೂ ಉಳಿಯುತ್ತದೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಮೀನನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಡೊಮೋಯಿಕ್ ಆಮ್ಲವೆಂಬ ಇಂಥ ವಿಷದಿಂದ ಕಾಯಿಲೆ ಬಿದ್ದರು; ಕೆಲವರು ತೀರಿಕೊಂಡರು, ಕೆಲವರ ನೆನಪಿನ ಶಕ್ತಿಗೇ ಪೆಟ್ಟುಬಿತ್ತು. ಆದ್ದರಿಂದ ತೀರದಲ್ಲಿ ಚಿಪ್ಪು ಆರಿಸಬಾರದೆಂಬ ಫಲಕ ಕಂಡರೆ, ಎಲ್ಲಿಂದ ಬಂತೆಂದು ಹೇಳಲಾಗದ ಚಿಪ್ಪನ್ನು ಆ ಊರಿನಲ್ಲಿ ತಿನ್ನಬೇಡಿ. ಬಾಯಿ ತೆರೆದಿರುವ ಹಸಿ ಚಿಪ್ಪನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ.

ನಿಮ್ಮ ದಾರಿಯಲ್ಲಿ ಹವಳದ ದಿಬ್ಬಗಳಿರುವ ಬೆಚ್ಚನೆಯ ಕಡಲು ಸಿಕ್ಕರೆ, ಅಲ್ಲಿನ ದೊಡ್ಡ ಬರಾಕುಡಾ, ದೊಡ್ಡ ಗ್ರೂಪರ್ ಮೀನುಗಳನ್ನು ಸ್ಥಳೀಯರು ತಿನ್ನುತ್ತಾರೆಯೇ ಎಂದು ವಿಚಾರಿಸಿ. ಅವುಗಳಲ್ಲಿ ಸಿಗ್ವಟೆರಾ ಎಂಬ ವಿಷ ಇರಬಹುದು. 1774ರಲ್ಲಿ ಈಗಿನ ವನುವಾಟುವಿನ ಬಳಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಮೀನು ತಿಂದು ನರಳಿದ್ದು ಇದರಿಂದಲೇ ಎಂದು ಹೇಳುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಲ್ಲಿಯವರು ಯಾವ ಮೀನನ್ನು ಮುಟ್ಟುವುದಿಲ್ಲವೋ ಅದನ್ನು ನಾವೂ ಮುಟ್ಟಬಾರದು.

ದಕ್ಕೆಯ ಹಳಬ

ಐಸಿನ ಮಾತು ನೂರಕ್ಕೆ ನೂರು ಸರಿ. ನಾನು ಕಿವಿರಿನ ಬಗ್ಗೆ ಬರೆಯುವ ಭರದಲ್ಲಿ ಅದನ್ನು ಬಿಟ್ಟದ್ದು ತಪ್ಪು.

ದಾರಿಹೋಕರೇ, ನೀವು ದಕ್ಕೆಗೆ ಹೋಗುವಾಗ ನಿಮ್ಮ ತಂದೆಯವರನ್ನೂ ಕರೆದುಕೊಂಡು ಹೋಗಿ. ಕೊಂಡು ತಂದ ಮೀನನ್ನು ಅಡುಗೆ ಮಾಡಿಕೊಡುವ ಚಿಕ್ಕ ಮನೆಗಳು ಬಹಳ ಬಂದರುಗಳ ಬಳಿ ಇರುತ್ತವೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಆರಿಸುವ ಕೆಲಸವನ್ನು ಅವರಿಗೇ ಬಿಡಿ. ನೆಲವೆಲ್ಲ ನೀರು, ಹುರುಪೆ, ಲೋಳೆಯಿಂದ ಜಾರುತ್ತಿರುತ್ತದೆ. ಅವರಿಗೆ ಹಿಡಿತವಿರುವ ಅಡಿಯ ಪಾದರಕ್ಷೆ ಹಾಕಿಸಿ, ಕೈಹಿಡಿದುಕೊಂಡಿರಿ. ಕಾರಿನಲ್ಲಿ ಮುಚ್ಚಳವಿರುವ ಒಂದು ಪೆಟ್ಟಿಗೆಯಿರಲಿ, ದಕ್ಕೆಯಲ್ಲೇ ಪುಡಿ ಐಸು ಕೊಂಡು ಮೀನಿನ ಮೇಲೂ ಕೆಳಗೂ ಹಾಸಿ, ಕರಗಿದ ನೀರನ್ನು ಆಗಾಗ ಚೆಲ್ಲುತ್ತಿರಿ. ಆ ಮೊದಲ ಮೀನಿಗೆ ಮಸಾಲೆ ಕಡಿಮೆ ಹಾಕಲು ಅಡುಗೆಯವರಿಗೆ ಹೇಳಿ.